ಪಾದರಸ ಇಳಿದ ಬೆಳಿಗ್ಗೆ

ನಾರ್ವೆಯಿಂದ ಬಹು ದೂರ, ಉತ್ತರದ ಹಿಮಗಡಲಿನಲ್ಲಿರುವ ಯಾನ್ ಮಾಯೆನ್ ದ್ವೀಪದ ಹವಾಮಾನ ಠಾಣೆಯಲ್ಲಿ ಇದ್ದದ್ದು ನಾವಿಬ್ಬರೇ, ನಾನು ಮತ್ತು ಟೋರ್ಗೈರ್. ಗಾಳಿ, ಚಳಿ, ವಾಯುಭಾರ ನೋಡಿ ಬರೆಯುವುದು ನನ್ನ ಕೆಲಸ. ಅದನ್ನು ನಿಸ್ತಂತು ಯಂತ್ರದಲ್ಲಿ ತಟ್ಟಿ ನಾರ್ವೆಗೆ ಕಳಿಸುವುದು ಅವನದು. ನಮ್ಮ ಸುದ್ದಿ ತಲುಪದಿದ್ದರೆ ಅಲ್ಲಿನ ಮೀನುಗಾರರು ಕಣ್ಣು ಕಟ್ಟಿಕೊಂಡು ಕಡಲಿಗಿಳಿದಂತೆ.

ನಮ್ಮ ವರ್ಷ ಮುಗಿದಿತ್ತು. ಕರೆದೊಯ್ಯಲು ಬಂದ ಹಡಗು ದಡಕ್ಕೆ ದಾರಿ ಸಿಗದೆ ತೇಲುವ ಹಿಮಗಡ್ಡೆಗಳ ಆಚೆ ನಿಂತಿತ್ತು. ಗುಡ್ಡ ಹತ್ತಿದರೆ ಅದರ ಹೊಗೆ ಕಾಣುತ್ತಿತ್ತು. ಟೋರ್ಗೈರ್ ದಿನಾ ಹತ್ತುತ್ತಿದ್ದ. ಅವನು ಊರು ಬಿಟ್ಟ ಮೇಲೆ ಹುಟ್ಟಿದ ಮಗಳನ್ನು ಇನ್ನೂ ನೋಡಿರಲಿಲ್ಲ. ಪೆಟ್ಟಿಗೆ ಕಟ್ಟಿಟ್ಟು, ಗಡ್ಡ ಬೋಳಿಸಿ, ಒಗೆದ ಅಂಗಿ ತೊಟ್ಟು ಕೂತಿದ್ದ.

"ಯಾರಿಗೋ ಈ ಶೃಂಗಾರ? ದಡದಲ್ಲಿ ಬಿದ್ಕೊಂಡಿರೋ ಸೀಲ್‌ಗಳಿಗಾ?" ಎಂದೆ.

"ನಿನ್ನಂಥ ಕರಡಿ ಮುಖ ಹೊತ್ಕೊಂಡು ಹೋದ್ರೆ ಹೆಂಡ್ತಿ ಅದೇ ಹಡಗಲ್ಲಿ ವಾಪಸ್ ಕಳಿಸ್ತಾಳೆ ಮಾರಾಯ."

ಅಷ್ಟರಲ್ಲಿ ಯಂತ್ರ ಟಕಟಕ ಎಂದಿತು. ಹಡಗು ಇನ್ನೊಂದು ದಿನ ಅಲ್ಲೇ ಕಾಯಬಹುದೇ, ಹವೆ ಹೇಗಿದೆ ಎಂದು ಅದರ ಕ್ಯಾಪ್ಟನ್ ಕೇಳಿದ್ದ.

ನಾನು ವಾಯುಭಾರ ಮಾಪಕದ ಪಾದರಸ ನೋಡಿದೆ. ಇಳಿದಿತ್ತು. ಗಾಜನ್ನು ಬೆರಳಿನಿಂದ ತಟ್ಟಿ ಮತ್ತೆ ನೋಡಿದೆ. ಇನ್ನೂ ಇಳಿಯುತ್ತಿತ್ತು, ಬಿರುಗಾಳಿಯ ಸೂಚನೆ. ಬಿರುಗಾಳಿ ಎದ್ದರೆ ಹಿಮಗಡ್ಡೆಗಳು ಒತ್ತರಿಸಿ ಬಂದು ಹಡಗನ್ನು ಹಿಂಡಿಬಿಡುತ್ತವೆ. ಕಂಡದ್ದನ್ನೇ ಚೀಟಿಯಲ್ಲಿ ಬರೆದು ಕೊಟ್ಟೆ.

ಟೋರ್ಗೈರ್ ಅದನ್ನು ಓದಿ ನನ್ನತ್ತ ತಳ್ಳಿದ. "ಬೇರೆ ಬರ್ಕೊಡೋ. ಒಂದೇ ಒಂದು ದಿನ ನಿಂತ್ಕೊಳ್ಳಲಿ. ನಾಳೆ ದಾರಿ ಬಿಡತ್ತೆ, ನನ್ ಮನಸ್ಸು ಹೇಳ್ತಿದೆ."

"ಹಡಗಲ್ಲಿರೋರಿಗೂ ಮಕ್ಕಳಿದಾರೆ ಕಣೋ."

"ನನಗೆ ಬುದ್ಧಿ ಹೇಳ್ಬೇಡ. ಬರ್ಕೊಡು!"

"ನಾನು ಬರೆಯಲ್ಲ. ತಟ್ಟೋನು ನೀನು. ಏನು ಬೇಕೋ ತಟ್ಟು."

ಬಾಗಿಲು ದೂಡಿ ಹೊರಗೆ ಬಂದೆ. ಒಳಗೆ ಅವನು ಕುರ್ಚಿ ಎಳೆದುಕೊಂಡ. ಆಮೇಲೆ ಟಕಟಕ ಶುರುವಾಯಿತು. ಸಂಕೇತ ನನಗೂ ತಕ್ಕಮಟ್ಟಿಗೆ ತಿಳಿಯುತ್ತಿತ್ತು. ಅವನು ನನ್ನ ಅಂಕಿಗಳನ್ನೇ ಕಳಿಸುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಹಡಗಿನ ಹೊಗೆ ಮರೆಯಾಯಿತು. ಮುಂದಿನ ಬೇಸಿಗೆಗೆ ಬರುತ್ತೇವೆ ಎಂದಿತ್ತು ಸಂದೇಶ.

ಬಿರುಗಾಳಿ ನಮ್ಮ ಕಡೆ ಬರಲೇ ಇಲ್ಲ. ಎಲ್ಲೋ ದಕ್ಷಿಣಕ್ಕೆ ಸರಿದುಹೋಯಿತು. ಅದರ ಬೆನ್ನಿಗೆ ಬೀಸಿದ ಗಾಳಿ ಹಿಮವನ್ನೆಲ್ಲ ದೂರ ದೂಡಿ, ದಡದವರೆಗೂ ಕಪ್ಪು ನೀರು ತೆರೆದುಕೊಂಡಿತು. ತಿರುಗಿ ಬನ್ನಿ ಎಂದು ಟೋರ್ಗೈರ್ ಬೇಡಿಕೊಂಡ. ಕಲ್ಲಿದ್ದಲು ಸಾಲದು ಎಂಬ ಉತ್ತರ ಬಂತು. ಅವನು ಒಗೆದ ಅಂಗಿಯಲ್ಲೇ ನೀರಂಚಿಗೆ ಹೋಗಿ ಕೂತ. ನಾನು ಒಳಗೆ ಹೋಗಿ ನನ್ನ ಪೆಟ್ಟಿಗೆ ಬಿಚ್ಚಿದೆ.

ಆ ಚಳಿಗಾಲದಲ್ಲಿ ಠಾಣೆಯ ಗುಡಿಸಲು ಹಿಮದಲ್ಲಿ ಹೂತುಹೋಯಿತು. ಕಿಟಕಿಗಳು ಮುಚ್ಚಿದವು, ಚಾವಣಿಯ ಕಿಂಡಿಯೇ ಬಾಗಿಲಾಯಿತು. ಸೀಮೆಎಣ್ಣೆ ದೀಪ, ಉಪ್ಪುಮೀನಿನ ನಾತ, ನಾವಿಬ್ಬರು. ಅವನು ಮಾತು ಬಿಟ್ಟಿದ್ದ. ಚೀಟಿಗೆ ಕೈ ಚಾಚುತ್ತಿದ್ದ, ತಟ್ಟುತ್ತಿದ್ದ, ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಹೊಡೆದಿದ್ದರೂ ಸಹಿಸುತ್ತಿದ್ದೆ. ಹೋಗಲು ಇನ್ನೊಂದು ಕೋಣೆಯೂ ಇರಲಿಲ್ಲ.

ಒಮ್ಮೆ ಒಲೆಯ ಕೊಳವೆ ಕಟ್ಟಿಕೊಂಡು ಹೊಗೆ ತುಂಬಿತು. ಇಬ್ಬರೂ ಕೆಮ್ಮುತ್ತಾ ಮೇಲೆ ಹತ್ತಿ ಹಿಮ ಅಗೆದೆವು. ಸಲಿಕೆ ಊರಿಕೊಂಡು ಅವನು ಬಾಯಿಬಿಟ್ಟ:

"ನೀನು ಸುಳ್ಳು ಬರ್ಕೊಟ್ಟಿದ್ರೆ ಕಳಿಸಿಬಿಡ್ತಿದ್ದೆ."

"ಗೊತ್ತು."

"ನಾನಾಗೇ ಸುಳ್ಳು ತಟ್ಟೋಕೆ ಕೈಯಿಂದ ಆಗ್ಲಿಲ್ಲ ನೋಡು. ಅದನ್ನ ನನ್ ಮೇಲೆ ಬಿಟ್ಟು ಹೊರಗೆ ಹೋದೆಯಲ್ಲ, ಅದಕ್ಕೇ ನಿನ್ ಮುಖ ಕಂಡ್ರೆ ಆಗಲ್ಲ."

ಬೇಸಿಗೆಗೆ ಹಡಗು ಬಂತು, ಇಬ್ಬರೂ ಹೊರಟೆವು. ಅವನ ಮಗಳು ಆಗಲೇ ನಡೆಯಲು, ಮಾತಾಡಲು ಕಲಿತಿದ್ದಳಂತೆ. ಈಗ ಟೋರ್ಗೈರ್ ನಾರ್ವೆಯ ಟ್ರೊಮ್ಸೊ ಬಂದರಿನಲ್ಲಿ ಮೀನಿನ ವ್ಯಾಪಾರ ಮಾಡುತ್ತಾನೆ. ನಾನಿರುವುದೂ ಅದೇ ಊರಲ್ಲಿ. ಬೀದಿಯಲ್ಲಿ ಎದುರಾದರೆ ಟೋಪಿ ಎತ್ತಿ ವಂದಿಸುತ್ತಾನೆ. ಮನೆಗೆ, ಒಂದು ಕಪ್ ಕಾಫಿಗೆ, ಇವತ್ತಿನವರೆಗೂ ಕರೆದಿಲ್ಲ.