ಹುಳದ ಮನೆ

ಗಂಗುಲಪ್ಪನಿಗೆ ವಯಸ್ಸು ಅರವತ್ತೆರಡಾದರೂ ಜಂಬಕ್ಕೆ ಇನ್ನೂ ಇಪ್ಪತ್ತೇ. ಶಿಡ್ಲಘಟ್ಟದ ಸುತ್ತ ಹತ್ತೂರಿನ ಮಣ್ಣಿನ ಗೋಡೆಗಳನ್ನು ಎಬ್ಬಿಸಿದ ಕೈ ಅವನದು. ತೊಂಬತ್ತೊಂದನೇ ಇಸವಿ ಹೊತ್ತಿಗೆ ಆ ಕಸುಬನ್ನು ಕೇಳುವವರೇ ಇರಲಿಲ್ಲ. ಅಂಥದ್ದರಲ್ಲಿ ರೇಷ್ಮೆ ನೂಲು ತೆಗೆಸುವ ತಾಜ್ ಪಾಷಾನ ಮಗಳು, ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದ ತಾಹಿರಾ, ಅವನೇ ಕಟ್ಟಿಕೊಂಡಿದ್ದ ಮಣ್ಣಿನ ಮನೆ ನೋಡಿ ಮರುಳಾದಳು. "ಮುಂದಿನ ತಿಂಗಳು ಬಂದು ಅಳತೆ ತಗೋತೀನಿ ತಾತ. ನಿಮ್ಮ ಮನೇನೇ ನನ್ನ ಪರೀಕ್ಷೆ" ಅಂದು ಹೋದಳು.

ಪರೀಕ್ಷೆಗೆ ಹೋಗುವ ಮನೆ ಹಳೇ ಬಟ್ಟೆಯಲ್ಲಿ ಹೋಗುವುದುಂಟೇ? ಗಂಗುಲಪ್ಪ ಗೋಡೆಗೆಲ್ಲ ಸಿಮೆಂಟು ಬಳಿಸಿ, ಹಸಿರು ಬಣ್ಣ ಹೊಡೆಸಿ, ಮಾಳಿಗೆಯ ಬೆಳಕಿಂಡಿಯನ್ನೂ ಕಾಂಕ್ರೀಟಿನಲ್ಲಿ ಮುಚ್ಚಿಸಿಬಿಟ್ಟ. "ಒಳಗೆ ಧಗೆ ಆಗ್ತದೆ" ಅಂತ ಹೆಂಡತಿ ಅಶ್ವತ್ಥಮ್ಮ ಗೊಣಗಿದಳು. ಕೇಳುವವರು ಯಾರು?

ಟೇಪು ಹಿಡಿದು ಬಂದ ತಾಹಿರಾ ಬಾಗಿಲಲ್ಲೇ ನಿಂತಳು. ಕಣ್ಣಲ್ಲಿ ನೀರು ತುಂಬಿತು.

"ಚೆನ್ನಾಗಿಲ್ವೇನಮ್ಮ?" ಎಂದ ಗಂಗುಲಪ್ಪ.

"ಮಣ್ಣಿನ ಮನೇನೇ ಬರೆದು ಕೊಡಬೇಕಿತ್ತು ತಾತ. ಇನ್ನು ಎಂಟೇ ದಿನ. ಬೆಂಗಳೂರಲ್ಲಿ ದೊಡ್ಡ ಕಟ್ಟಡಗಳಿಗೆಲ್ಲ ಇಂಥ ಬೆಳಕಿಂಡಿ ನೋಡ್ಕೊಂಡೇ ಸ್ಕೈಲೈಟ್ ಇಡ್ತಿದ್ದಾರೆ. ನೀವು ಮುಚ್ಚಿಬಿಟ್ಟಿದ್ದೀರಿ."

ಗಣಪನ್ನ ಮಾಡಲು ಹೋಗಿ ಅವರಪ್ಪನ್ನ ಮಾಡಿದಂತಾಯಿತು. "ಸಿಮೆಂಟು ಕೆರೆದಾಕ್ತೀನಿ" ಅಂದನೇನೋ ನಿಜ. ಅದರ ಜೊತೆ ಮಣ್ಣೂ ಕಿತ್ತು ಬರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಗುವಿನ ಓದಿಗೆ ನಾನೇ ಕಲ್ಲು ಹಾಕಿದೆನಲ್ಲ ಎಂದು ಪಾಪ, ಜಗಲಿ ಮೇಲೆ ಕುಸಿದು ಕೂತ.

"ಹಿಂದ್ಗಡೆ ಹುಳದ ಮನೆ ಐತಲ್ಲ, ಅದನ್ನ ತೋರ್ಸಿ" ಅಂದಳು ಅಶ್ವತ್ಥಮ್ಮ.

ರೇಷ್ಮೆ ಹುಳ ಸಾಕುವ ಆ ಕೋಣೆಯನ್ನೂ ಗಂಗುಲಪ್ಪನೇ ಕಟ್ಟಿದ್ದು. ಕೈಕಾಲು ತೊಳೆದು ಒಳಗೆ ಹೋದ ತಾಹಿರಾಳಿಗೆ ಮೈಯೆಲ್ಲ ತಂಪಾಯಿತು. ಮೊಳದಗಲದ ಮಣ್ಣಿನ ಗೋಡೆ, ಮೇಲೆ ಬೆಳಕಿಂಡಿ. ಬಿದಿರು ತಟ್ಟೆಗಳಲ್ಲಿ ಹುಳಗಳು ಸುಖವಾಗಿ ಸೊಪ್ಪು ಮೇಯುತ್ತಿದ್ದವು.

"ಇದಕ್ಕೆ ಯಾಕೆ ಸಿಮೆಂಟು ಹಾಕಿಸಲಿಲ್ಲ ತಾತ?"

"ಉಂಟೇನಮ್ಮ? ಕಾವಿಗೆ ಸತ್ತೋಗ್ತವೆ."

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಅಶ್ವತ್ಥಮ್ಮ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು.

ಆ ದಿನವೆಲ್ಲ ಟೇಪಿನ ಇನ್ನೊಂದು ತುದಿ ಗಂಗುಲಪ್ಪನ ಕೈಯಲ್ಲೇ. ಮಣ್ಣನ್ನು ಎಷ್ಟು ತುಳಿಯಬೇಕು, ದಿನಕ್ಕೆ ಮೊಳದೆತ್ತರಕ್ಕಿಂತ ಜಾಸ್ತಿ ಯಾಕೆ ಏರಿಸಬಾರದು, ಎಲ್ಲ ಹೇಳಿದ. ತಾಹಿರಾ ಬರೆದುಕೊಂಡಳು. ಹಾಳೆಯ ಮೂಲೆಯಲ್ಲಿ ಕಟ್ಟಿದವರ ಹೆಸರು ಗಂಗುಲಪ್ಪ ಎಂದು ಬರೆದು ತೋರಿಸಿದಾಗ ಅವನು ಕೈ ಒರೆಸಿಕೊಂಡು ಆ ಹೆಸರನ್ನು ಬೆರಳಿನಿಂದ ಸವರಿದ.

ಸಂಜೆ ಅವಳನ್ನು ಬಸ್ಸು ಹತ್ತಿಸಿ ಬಂದವನೇ ಹಾರೆ ಹಿಡಿದು ಮಾಳಿಗೆ ಹತ್ತಿದ. ಒಲೆ ಮುಂದೆ ಕೂತಿದ್ದ ಅಶ್ವತ್ಥಮ್ಮನ ತಲೆ ಮೇಲೆ ಕಾಂಕ್ರೀಟಿನ ಪುಡಿ ಉದುರಿತು.

"ಏನ್ ಮಾಡ್ತಿದ್ದೀರಿ? ಹೊಸ ಬಣ್ಣವೆಲ್ಲ ಹಾಳಾಗ್ತದೆ."

"ಆಗ್ಲಿ ಬಿಡು. ಹುಳಕ್ಕಿರೋ ಭಾಗ್ಯ ನಿಂಗೂ ಇರ್ಲಿ."