ಬೆಟ್ಟಮ್ಮನ ಎದೆಯ ಗಂಟು

ದುದ್ದ ಊರಿನ ಬೆಟ್ಟಮ್ಮನಿಗೆ ಸಂಜೆಯಾದರೆ ಸಾಕು, ಮೈ ಕಾವೇರುತ್ತಿತ್ತು. ಕೆಮ್ಮು ಬಿಡದು, ಊಟ ಸೇರದು. ರವಿಕೆಯ ತೋಳು ಜೋಲತೊಡಗಿತು. ಗಂಡ ತಮ್ಮಯ್ಯ ಅವಳನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದ. "ಹೃದಯದ ಪಕ್ಕ ಗಂಟುಗಳಿವೆ. ಇನ್ನೂ ಪರೀಕ್ಷೆ ಮಾಡಬೇಕು, ನಾಳೆ ಬನ್ನಿ" ಎಂದರು ಡಾಕ್ಟರು.

ಬೆಟ್ಟಮ್ಮ ಹೋಗಲಿಲ್ಲ. ಹೃದಯದ ಪಕ್ಕವೇ ಗಂಟು ಎಂದ ಮೇಲೆ ಇನ್ನೇನು ಉಳಿಯಿತು? ಹಿಂದಿನ ವರ್ಷ ಅವಳ ಎಳೆಗೂಸು ತೀರಿಕೊಂಡಿತ್ತು. ಆ ಸಂಕಟವೇ ಎದೆಯೊಳಗೆ ಗಂಟುಕಟ್ಟಿದೆ ಎಂದು ಅವಳಿಗೆ ಅನ್ನಿಸಿತು. ಅತ್ತೆ ಮುದ್ದಮ್ಮ ಕೆಮ್ಮುತ್ತಲೇ ಹೌದೆಂದಳು: "ವಟ್ಟೆ ಸಂಕ್ಟಕ್ಕೆ ಡಾಕ್ಟ್ರ ಸೂಜಿ ಏನ್ ಮಾಡೀತು?"

ಸುದ್ದಿ ತಿಳಿದು ನರ್ಸಮ್ಮ ಶಿವಗಂಗಮ್ಮ ಬಂದರು. ಬೆಟ್ಟಮ್ಮನ ಪಕ್ಕ ಜಗಲಿಯ ಮೇಲೆ ಕುಳಿತರು.

"ನಿನ್ನ ಸಂಕ್ಟ ದೊಡ್ಡದು ಕಣವ್ವ, ಇಲ್ಲ ಅನ್ನಾಕಿಲ್ಲ. ಆದ್ರೆ ಸಂಕ್ಟ ಎಕ್ಸ್‌ರೇಲಿ ಕಾಣಾಕಿಲ್ಲ."

"ಅಂಗಾರೆ ಅದೇನು ನರ್ಸಮ್ಮ? ಹೃದಯಕ್ಕೇ ಬಂದದಾ?"

"ಹೃದಯಕ್ಕಲ್ಲ. ಗದ್ದದ ಕೆಳಗೆ ಗಂಟು ಊದ್ಕೊತವಲ್ಲ, ಅಂಥವು ಎದೆ ಒಳಗೂ ಅವೆ. ಕ್ಷಯದಿಂದ ಊದಿರ್ಬೋದು, ಬೇರೆ ಸೋಂಕಿರ್ಬೋದು, ಯಾವಾಗ್ಲೋ ಬಂದು ವಾಸಿಯಾದ ಕಾಯ್ಲೆ ಗುರುತಿರ್ಬೋದು. ಒಂದೊಂದ್ಸಲ ಕ್ಯಾನ್ಸರೂ ಇರ್ತದೆ, ಸುಳ್ಳು ಯಾಕೆ ಏಳ್ಲಿ? ಯಾವ್ದು ಅಂತ ತಿಳೀದೆ ಕೈಕಟ್ಕೊಂಡು ಕುಂತ್ರೆ ಎಂಗೆ? ಕ್ಷಯಕ್ಕೆ ಮದ್ದಿಲ್ಲ ಅನ್ನೋ ಕಾಲ ಓಯ್ತು. ಸ್ಟ್ರೆಪ್ಟೋಮೈಸಿನ್ ಸೂಜಿ ಬಂದದೆ."

ಅಷ್ಟರಲ್ಲಿ ಮುದ್ದಮ್ಮನಿಗೆ ಕೆಮ್ಮು ಒತ್ತರಿಸಿ ಬಂತು. ಶಿವಗಂಗಮ್ಮ ಅವಳತ್ತ ತಿರುಗಿದರು.

"ನಿಮ್ಗೆ ಯಾವಾಗಿಂದ ಈ ಕೆಮ್ಮು, ಅಜ್ಜಿ?"

"ಸುಗ್ಗಿಯಿಂದ್ಲೂ ಅದೆ. ವಯಸ್ಸಾತಲ್ಲ."

"ವಯಸ್ಸಿಗೆ ಕೆಮ್ಮು ಬರಾಕಿಲ್ಲ. ನಾಳೆ ಸೊಸೆ ಜೊತೆ ನೀವೂ ಆಸ್ಪತ್ರೆಗೆ ನಡೀರಿ."

ಅತ್ತೆ ಸೊಸೆ ಇಬ್ಬರೂ ಹಾಸನಕ್ಕೆ ಹೋದರು. ಪರೀಕ್ಷೆಯಲ್ಲಿ ಇಬ್ಬರಿಗೂ ಕ್ಷಯವೆಂದು ತಿಳಿಯಿತು. ಮುದ್ದಮ್ಮ ಸೊಸೆಯ ಕೈ ಹಿಡಿದು ಅತ್ತುಬಿಟ್ಟಳು. "ನನ್ನಿಂದ್ಲೇ ಅಂಟ್ತೇನೋ ಮಗಳೇ."

"ಬೇಕಂತ ಯಾರು ಅಂಟಿಸ್ತಾರೆ? ಬುಡಿ ಅತ್ತೆ" ಎಂದಳು ಬೆಟ್ಟಮ್ಮ.

ಇಬ್ಬರೂ ಒಟ್ಟಿಗೆ ಸೂಜಿ ಚುಚ್ಚಿಸಿಕೊಂಡರು, ಮಾತ್ರೆ ನುಂಗಿದರು. ಜ್ವರ ಬಿಟ್ಟು ಮೈ ಹಗುರಾದಾಗ ಬೆಟ್ಟಮ್ಮ "ಇನ್ನು ಸಾಕು" ಎಂದಳು. ಅತ್ತೆಯೇ ಗದರಿದಳು: "ಡಾಕ್ಟ್ರು ಸಾಕು ಅನ್ನೋಗಂಟ ನುಂಗ್ಲೇಬೇಕು ಕಣೆ!"

ಮುಂದಿನ ವರ್ಷ ತೆಗೆದ ಎಕ್ಸ್‌ರೇಯಲ್ಲಿ ಗಂಟುಗಳು ಕರಗುತ್ತ ಬಂದಿದ್ದವು. ಊರಿಗೆ ಮರಳುವ ಬಸ್ಸಿನಲ್ಲಿ ಬೆಟ್ಟಮ್ಮ ಅತ್ತೆಯ ಹೆಗಲಿಗೆ ತಲೆಯಾನಿಸಿ ನೆಮ್ಮದಿಯಾಗಿ ನಿದ್ದೆಹೋದಳು.

ತಾಯಂದಿರೇ, ಅಣ್ಣತಮ್ಮಂದಿರೇ, ಎದೆಯೊಳಗೆ ಗಂಟಿದೆ ಎಂದರೆ ಕಂಗೆಡಬೇಡಿ, ಸುಮ್ಮನೆಯೂ ಕೂರಬೇಡಿ. ಕಾರಣ ತಿಳಿಯುವವರೆಗೆ ಪರೀಕ್ಷೆ ಮಾಡಿಸಿ. ಕ್ಷಯವಾದರೆ ಮದ್ದನ್ನು ನಡುವೆ ಬಿಡಬೇಡಿ, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ. ನಿಮ್ಮ ಮನೆಯಲ್ಲಿ ಬಹಳ ದಿನದಿಂದ ಕೆಮ್ಮುತ್ತಿರುವವರು ಯಾರು? ಇವತ್ತೇ ಅವರ ಕೈಹಿಡಿದು ಆಸ್ಪತ್ರೆಗೆ ಹೊರಡಿ.