ಬುರುಡೆಯ ಮಗಳ ಮೊದಲ ದಿನ

ಮಗಳನ್ನು ಕೆಲಸಕ್ಕೆ ಕರೆದೊಯ್ಯಲು ಆ ಬೆಳಿಗ್ಗೆ ಕಂಪನಿಯ ಮಾಲೀಕನೇ ಗಲ್ಲಿಗೆ ಬಂದಿದ್ದ. ಅವನ ಕಾರು ಎಷ್ಟು ಅಗಲವಿತ್ತೆಂದರೆ, ಅದಕ್ಕೆ ದಾರಿ ಬಿಡಲು ಎರಡೂ ಕಡೆಯ ಮನೆಗಳು ಒಂದೊಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದವು.

ಹಾಗಂತ ಬುರುಡೆ, ಕಮೋಡಿನೊಳಗೆ ಮೊಣಕೈವರೆಗೆ ಕೈಯಿಟ್ಟು ಉಜ್ಜುತ್ತ ಹೇಳಿದಳು.

"ಆಮೇಲೆ ಮನೆಗಳು ವಾಪಸ್ ಮುಂದೆ ಬಂದ್ವಾ?" ಪಕ್ಕದ ಕಕ್ಕಸು ತೊಳೆಯುತ್ತಿದ್ದ ಕುಳ್ಳಿ ಕೇಳಿದಳು.

"ನಿಮ್ಮನೆ ಇನ್ನೂ ಬಂದಿಲ್ಲ ಕಣೇ. ಸಾಯಂಕಾಲ ಹುಡುಕ್ಕೊಂಡು ಹೋಗು."

ಕುಳ್ಳಿ ನಕ್ಕ ನಗೆಗೆ ಬಕೆಟ್ಟು ಉರುಳಿತು. ಬುರುಡೆಯ ಬಾಯೇ ಹಾಗೆ. ಇರುವೆ ಹೊಕ್ಕರೆ ಆನೆಯಾಗಿ ಹೊರಬರುತ್ತಿತ್ತು, ಅದೂ ಮರಿಯ ಸಮೇತ. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗಿತ್ತು. ಆದರೆ ಒಂದು ಮಾತನ್ನು ಮಾತ್ರ ಅವಳು ಕುಳ್ಳಿಗೂ ಹೇಳದೆ ಬಿಸಿ ತುತ್ತಿನಂತೆ ನುಂಗಿಕೊಂಡಿದ್ದಳು. ಮಗಳು ಸೇರಿದ್ದು ಇದೇ ಕಟ್ಟಡಕ್ಕೆ, ಇದೇ ಕಂಪನಿಗೆ. ಬೇಸಿಗೆ ರಜೆಯಲ್ಲಿ ಇಂಟರ್ನ್ ಕೆಲಸ. ಮೆಚ್ಚಿಕೊಂಡರೆ ಓದು ಮುಗಿದ ಮೇಲೆ ಇಲ್ಲೇ ಕಾಯಂ.

ಹಿಂದೆ ಯಾವಾಗಲೋ ಇಲ್ಲೊಂದು ಲ್ಯಾಪ್‌ಟಾಪ್ ಕಳುವಾಗಿತ್ತು. ಕಳ್ಳ ಸಿಗಲಿಲ್ಲ, ಕಟ್ಟಳೆಯೊಂದು ಹುಟ್ಟಿತು. ಕಸ ಗುಡಿಸುವವರಿಗೆ ಮೇಲಿನ ಮಹಡಿಗಳಲ್ಲಿ ನೆಂಟರು ಇರಕೂಡದು. ಇದ್ದರೆ ಅವತ್ತೇ ಹೊರಗೆ ಎಂದು ಗುತ್ತಿಗೆದಾರ ಸಾರಿದ್ದ. ಬುರುಡೆಯ ಕೂಲಿ ನಿಂತರೆ ಮನೆಯ ಒಲೆ ನಿಲ್ಲುತ್ತಿತ್ತು, ಮಗಳ ಓದೂ ನಿಲ್ಲುತ್ತಿತ್ತು.

"ಅಲ್ಲಿ ನಾನು ನಿನಗೆ ಯಾರೂ ಅಲ್ಲ," ಎಂದು ಬೆಳಿಗ್ಗೆ ಮಗಳ ಜಡೆ ಹೆಣೆಯುತ್ತ ಹೇಳಿಕೊಟ್ಟಿದ್ದಳು. "ಎದುರಿಗೆ ಬಂದ್ರೆ ಗೋಡೆ ನೋಡಿದ ಹಾಗೆ ನೋಡು. ಯಾರಾದ್ರೂ ಕೇಳಿದ್ರೆ, ಗೊತ್ತಿಲ್ಲ ಅನ್ನು."

"ಗೋಡೆ ಹಸಿದಿದ್ರೆ?"

"ಗೋಡೆಗೆ ಹೊಟ್ಟೆ ಇರಲ್ಲ. ನೆಟ್ಟಗೆ ಕೂತ್ಕೋ."

ಕಕ್ಕಸಿನ ಬಾಗಿಲಿಗೆ ಯಾರೋ ಒದ್ದರು. ಸೂಪರ್ವೈಸರ್.

"ಏ ಬುರುಡೆ, ಪುರಾಣ ಸಾಕು, ಎದ್ದೇಳೇ ಲೌಡಿ. ಮೇಲೆ ಹೊಸ ಹುಡುಗರು ಬಂದಿದ್ದಾರೆ, ಯಾವನೋ ಕಾಫಿ ಚೆಲ್ಲಿದ್ದಾನೆ. ಹೋಗಿ ನೆಕ್ಕು."

ಮೇಲಿನ ಸಾಹೇಬ ಹೊಸಬರನ್ನು ಸುತ್ತ ನಿಲ್ಲಿಸಿಕೊಂಡು, "ಇಲ್ಲಿ ಎಲ್ಲರೂ ಒಂದೇ ಕುಟುಂಬ," ಎನ್ನುತ್ತಿದ್ದ. ಬುರುಡೆ ಮಂಡಿಯೂರಿ, ಕುಟುಂಬದ ಕಾಲುಗಳ ನಡುವೆ ಬಟ್ಟೆ ಆಡಿಸಿದಳು. ಯಾರೂ ಮಾತು ನಿಲ್ಲಿಸಲಿಲ್ಲ. ಬಟ್ಟೆ ಹತ್ತಿರ ಬಂದಾಗ ಒಬ್ಬೊಬ್ಬರೂ ಒಂದೊಂದು ಕಾಲು ಎತ್ತಿದರು. ಅವುಗಳ ನಡುವೆ, ಅಳತೆಗೆ ದೊಡ್ಡದಾಗಿ ತುದಿಗೆ ಚಿಂದಿ ತುರುಕಿದ್ದ ಒಂದು ಜೊತೆ ಷೂ ಇತ್ತು. ತುರುಕಿದವಳು ಬುರುಡೆಯೇ. ಆ ಕಾಲೂ ಮೇಲೆದ್ದಿತು.

"ಥ್ಯಾಂಕ್ಸ್," ಅಂದಿತು ಮೇಲಿಂದ ಒಂದು ಸಣ್ಣ ದನಿ.

ಬುರುಡೆ ತಲೆ ಎತ್ತಲಿಲ್ಲ. ಕೆಳಗೆ ಬಂದು ಕುಳ್ಳಿಗೆ, "ಮೇಲೆ ಒಬ್ಬ ಮೇಡಂ ನನ್ನ ಕೈ ಹಿಡಿದು, ತನ್ನ ಕುರ್ಚೀಲಿ ಕೂರಿಸಿ ಕಾಫಿ ಕೊಟ್ಟಳು ಕಣೇ," ಎಂದಳು.

"ಕುರ್ಚಿ ಮುರೀತಾ?"

ಬುರುಡೆ ಬಟ್ಟೆ ಹಿಂಡಿ, ಮತ್ತೆ ಕಮೋಡಿಗೆ ಬಗ್ಗಿದಳು.

ಸಂಜೆ ಹಿಂದಿನ ಗೇಟಿನಲ್ಲಿ ಎಂದಿನಂತೆ ತಪಾಸಣೆ. ಹೆಂಗಸರು ಸಾಲಾಗಿ ನಿಂತು, ಚೀಲ ಕೊಡವಿ, ಡಬ್ಬಿ ತೆರೆದು, ಕೈ ಮೇಲೆತ್ತಬೇಕು. ಡಬ್ಬಿಯ ತಳಕ್ಕೂ ಸೂಪರ್ವೈಸರ್ ಬೆರಳು ಹಾಕುತ್ತಿದ್ದ. ಬುರುಡೆ ಹಿಂದೆ ತಿರುಗಿ ನೋಡಿದಳು. ಸಾಲಿನ ಕೊನೆಯಲ್ಲಿ ಮಗಳು.

ಬೆಳಿಗ್ಗೆ ಮುಂದಿನ ಬಾಗಿಲನ್ನು ರಸ್ತೆಯಾಚೆಯಿಂದ ತೋರಿಸಿಕೊಟ್ಟವಳು ತಾಯಿ. ಸಂಜೆಗೆ ತೋರಿಸುವವರಿಲ್ಲ. ದಣಿದ ಹುಡುಗಿ, ತನ್ನ ಕಾಲಿಗೆ ಗೊತ್ತಿದ್ದ ದಾರಿ ಹಿಡಿದಿದ್ದಳು.

ಸೂಪರ್ವೈಸರ್ ಚೀಲ ಬಿಚ್ಚಿದ. ಲ್ಯಾಪ್‌ಟಾಪ್.

"ಅಬ್ಬಬ್ಬಾ! ಯಾವ ಮಹಡೀದೇ ಇದು, ಕಳ್ಳ ಮುಂಡೆ?"

"ಸರ್, ನಾನು ಇಂಟರ್ನ್. ಇವತ್ತೇ ಸೇರಿದ್ದು. ಅವರೇ ಕೊಟ್ಟಿದ್ದು."

"ಇಂಟರ್ನ್ ಅಂತೆ! ಇಂಟರ್ನ್‌ಗಳು ಈ ಕೊಳಕು ಗೇಟಿಗೆ ಬರ್ತಾರಾ? ಕಾರ್ಡೆಲ್ಲಿ?"

"ನಾಳೆ ಕೊಡ್ತಾರಂತೆ."

ಅವನು ಅವಳ ರಟ್ಟೆ ಹಿಡಿದು ಎಳೆದ. ಮಗಳು ತಾಯಿಯ ಕಡೆ ನೋಡಲಿಲ್ಲ, ಹೇಳಿಕೊಟ್ಟಂತೆಯೇ ನಿಂತಿದ್ದಳು. ಬುರುಡೆಯ ನಾಲಿಗೆ ಬುದ್ಧಿಗಿಂತ ಮುಂದೆ ಓಡಿತು.

"ಅಯ್ಯಯ್ಯೋ ಕೈ ಬಿಡಿ ಸಾರ್! ಅವರು ಮಾಲೀಕರ ತಂಗಿ ಮಗಳು! ಹೆಲಿಕಾಪ್ಟರಲ್ಲಿ ಇಳಿದಿದ್ದು ನಾನೇ ಕಣ್ಣಾರೆ ಕಂಡೆ, ಆ ಗಾಳಿಗೆ ನನ್ನ ಪೊರಕೆ ಹಾರಿಹೋಯ್ತು!"

ಕುಳ್ಳಿ ಅವಳ ಸೊಂಟಕ್ಕೆ ಚಿವುಟಿದಳು. ಸೂಪರ್ವೈಸರ್ ಕೆಂಡ ಮುಟ್ಟಿದವನಂತೆ ರಟ್ಟೆ ಬಿಟ್ಟ. ಬಿಟ್ಟವನಿಗೆ ಅನುಮಾನವೂ ಬಂತು; ಮೇಲಕ್ಕೆ ಫೋನು ಮಾಡಿ, ಬುರುಡೆ ಅಂದದ್ದನ್ನೂ ಒಪ್ಪಿಸಿದ.

ಸಾಹೇಬ ಬಂದ. "ಹೌದು, ಇವರು ನಮ್ಮ ಇಂಟರ್ನ್," ಎಂದ. ಬುರುಡೆಗೆ ಹೋದ ಜೀವ ಬಂದಂತಾಯಿತು. ಆದರೆ ಅವನು ಅಷ್ಟಕ್ಕೇ ಹೊರಡಲಿಲ್ಲ.

"ಈ ಗೇಟಿಗೆ ಯಾಕೆ ಬಂದ್ರಿ?"

ಹುಡುಗಿ ತನ್ನ ಷೂಗಳ ತುದಿ ನೋಡಿದಳು.

"ಇವಳು ನಿಮಗೋಸ್ಕರ ಅಂಥಾ ಸುಳ್ಳು ಯಾಕೆ ಹೇಳಿದ್ಲು? ಗೊತ್ತಾ ಇವಳು ನಿಮಗೆ?"

"ಗೊತ್ತಿಲ್ಲ."

ಸಾಹೇಬ ತಲೆಯಾಡಿಸಿದ. ಅವನು ದನಿ ಎತ್ತಲಿಲ್ಲ. ದೀಪ ಆರಿಸುವಷ್ಟು ಮೆತ್ತಗೆ ಹೇಳಿದ. "ಮೊದಲ ದಿನಾನೇ, ಕೆಲಸಕ್ಕೆ ಕೊಟ್ಟ ಲ್ಯಾಪ್‌ಟಾಪ್ ಹಿಂದಿನ ಗೇಟಿಂದ. ದಾಟಿಸೋಕೆ ಒಳಗೊಬ್ಬಳು. ನಾಳೆಯಿಂದ ಬರೋದು ಬೇಡ. ಪೊಲೀಸರ ವಿಷಯ ಮೇಲಿನವರು ನೋಡ್ತಾರೆ."

ಬುರುಡೆಯ ಬಾಯಿಗೆ ಇನ್ನಷ್ಟು ಸುಳ್ಳುಗಳು ನೂಕುನುಗ್ಗಲಿನಲ್ಲಿ ಬಂದವು. ಯಾವುದೂ ಈ ಗೇಟು ದಾಟುವಂತಿರಲಿಲ್ಲ.

"ಹೆಲಿಕಾಪ್ಟರ್ ಸುಳ್ಳು ಸಾರ್," ಎಂದಳು. "ತಂಗಿ ಮಗಳು ಅನ್ನೋದೂ ಸುಳ್ಳು. ಇವಳು ನನ್ನ ಮಗಳು."

ಸೂಪರ್ವೈಸರ್ ಗಹಗಹಿಸಿದ. "ಬಿಟ್ಟಳು ನೋಡಿ ಸರ್, ಇನ್ನೊಂದು! ಇವಳ ಹೆಸರೇ ಬುರುಡೆ."

"ಸ್ಕೂಲಿಗೆ ಹೋಗ್ತಿದ್ದಾಗ ನನ್ನ ಡಬ್ಬಿ ತಂದು ಈ ಕಂಬಿ ಸಂದೀಲಿ ಕೊಡ್ತಿದ್ದಳು." ಬುರುಡೆ ಸೂಪರ್ವೈಸರನತ್ತ ತಿರುಗಿದಳು. "ನೀನಿನ್ನೂ ಇಲ್ಲಿಗೆ ಬಂದಿರಲಿಲ್ಲ ಆಗ. ಮನೆಗೆ ದಾರಿ ಅಂದ್ರೆ ಅವಳಿಗೆ ಇದೊಂದೇ ಗೊತ್ತು. ಗೊತ್ತಿಲ್ಲ ಅನ್ನು ಅಂತ ಹೇಳಿಕೊಟ್ಟವಳು ನಾನು. ಕಟ್ಟಳೆ ಮುರಿದವಳು ನಾನು." ಅವಳು ಸಮವಸ್ತ್ರದ ಮೇಲಂಗಿಯ ಗುಂಡಿ ಬಿಚ್ಚತೊಡಗಿದಳು. ಬ್ಲೀಚಿಂಗ್ ಪುಡಿ ತಿಂದ ಬೆರಳುಗಳು ಗುಂಡಿಯ ಮೇಲೆ ಜಾರಿದವು. "ಬುರುಡೆ ಬಿಡೋಳು ತನ್ನ ಹೊಟ್ಟೆ ಮೇಲೆ ತಾನೇ ಹೊಡ್ಕೊಳ್ಳೋ ಬುರುಡೆ ಬಿಡ್ತಾಳಾ ಸಾರ್? ತಗೊಳ್ಳಿ. ನನ್ನದು ಹೋಯ್ತು. ಅವಳದ್ದು ಮುಟ್ಟಬೇಡಿ."

ಅಂಗಿ ಸೂಪರ್ವೈಸರನ ಎದೆಗೆ ಬಡಿದು ನೆಲಕ್ಕೆ ಬಿತ್ತು. ಸಾಲಿನಲ್ಲಿದ್ದವರ ಎತ್ತಿದ ಕೈಗಳು ಹಾಗೇ ಇದ್ದವು.

ಸಾಹೇಬ ಹುಡುಗಿಯ ಕಡೆ ತಿರುಗಿದ. "ನಿಜಾನಾ?"

ಗೇಟಿಗೆ ಬಂದ ಮೇಲೆ ಮೊದಲ ಸಲ ಅವಳು ತಾಯಿಯ ಕಡೆ ನೋಡಿದಳು.

"ಹೇಳೇ ನನ್ನವ್ವ," ಎಂದಳು ಬುರುಡೆ. "ಇನ್ನು ಹೇಳಬಹುದು."